ಹತ್ತರಲ್ಲಿ ನಾಲ್ಕು

ಆಗಸ್ಟ್ 4, ಭಾನುವಾರ

ಈ ಸೆಕೆಯಲ್ಲಿ ಬಾತುಕೋಳಿ ಬೇಯಿಸಲು ಹೊರಟಿದ್ದೇ ತಪ್ಪು. ಅಡುಗೆಮನೆ ಕುಲುಮೆಯಾಯಿತು. ಮಗ ಗೀಲೆಮ್ ಎಂದಿನಂತೆ ಊಟಕ್ಕೆ ಬಂದ, ಜೊತೆಗೆ ಲೆವಾನ್. ಇಬ್ಬರೂ ಸೇರಿ ಮೂಳೆ ಮಾತ್ರ ಬಿಟ್ಟರು. ಗುಡ್ಡದಂಥ ಈ ಜಾರ್ಜಿಯಾದವನು ಎಷ್ಟೋ ವರ್ಷದಿಂದ ರಗ್ಬಿ ಮೈದಾನದಲ್ಲಿ, ಎರಡೂ ತಂಡ ತಲೆ ಬಗ್ಗಿಸಿ ತಳ್ಳಾಡುವ ಸ್ಕ್ರಮ್‌ನಲ್ಲಿ ನನ್ನ ಮಗನ ಬಲಭುಜಕ್ಕೆ ಭುಜ ಕೊಟ್ಟು ತಳ್ಳುತ್ತಿದ್ದಾನೆ. ಅವನಿಗೆ ಫ್ರೆಂಚ್ ಕಲಿಸಿದ್ದು ನಾನು. ನಾನು ಶಾಲೆಯಿಂದ ನಿವೃತ್ತಳಾದ ಮೇಲೂ ನನ್ನನ್ನು ಟೀಚರ್ ಅನ್ನುವವನು ಅವನೊಬ್ಬನೇ.

ಈ ವಾರ ಕ್ಲಬ್ಬಿನಲ್ಲಿ ತಲೆಯ ಪರೀಕ್ಷೆ. ಡಾಕ್ಟರು ಹತ್ತು ಪದ ಓದುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ನೆನಪಿದ್ದಷ್ಟು ಹೇಳಬೇಕು. ಸೀಸನ್ನಿನಲ್ಲಿ ತಲೆಗೆ ಪೆಟ್ಟು ಬಿದ್ದರೆ ಇದೇ ಪರೀಕ್ಷೆ ಮತ್ತೆ. ಆಗಸ್ಟ್‌ನದಕ್ಕಿಂತ ಕಡಿಮೆ ಬಂದರೆ ಆಟ ಬಂದ್.

"ಎಷ್ಟು ಹೇಳಿದೆಯೋ?" ಅಂದೆ.

"ನಾಲ್ಕು."

"ನಾಲ್ಕಾ! ಚಿಕ್ಕವನಿದ್ದಾಗ ಎಲ್ಲಾ ಲೂಯಿ ರಾಜರನ್ನೂ ಸಾಲಾಗಿ ಒಪ್ಪಿಸ್ತಿದ್ದವನು."

ಇಬ್ಬರೂ ನಕ್ಕರು. "ಬೇಕಂತಲೇ ಅಮ್ಮಾ. ಹತ್ತೂ ನೆನಪಿತ್ತು. ಈಗ ದಡ್ಡನಾಗಿದ್ರೆ ಮಾರ್ಚ್‌ನಲ್ಲಿ ನನ್ನ ಯಾರೂ ಹೊರಗೆ ಕೂರಿಸಲ್ಲ. ಎಲ್ರೂ ಹಾಗೇ ಮಾಡೋದು."

"ನಂದು ಮೂರು ಟೀಚರ್," ಅಂದ ಲೆವಾನ್, ಎದೆ ತಟ್ಟಿಕೊಂಡು. "ಆದ್ರೆ ನಂದು ಅಸಲಿ ಮೂರು!"

ನಾನೂ ನಕ್ಕೆ. ಇನ್ನೊಂದು ಬಾಟಲಿ ತೆಗೆದೆ.

ಅಕ್ಟೋಬರ್ 20, ಭಾನುವಾರ

ನಿನ್ನೆ ನಮ್ಮೂರ ಮೈದಾನದಲ್ಲೇ ಸೋತೆವು. ಲಾರ್ಬೆಸ್‌ನಂಥ ಪುಟ್ಟ ಊರು ಮೊದಲ ದರ್ಜೆಯಲ್ಲಿ ಉಳಿಯಬೇಕಾದರೆ ಸ್ವಂತ ಮೈದಾನದಲ್ಲಿ ಸೋಲುವಂತಿಲ್ಲ. ಗೀಲೆಮ್‌ಗೆ ಎದುರಾಳಿಯ ಮೊಣಕಾಲು ಕಿವಿಯ ಮೇಲೆ ಬಿತ್ತು. ಎದ್ದ, ಎರಡು ಹೆಜ್ಜೆ ತಪ್ಪು ದಿಕ್ಕಿಗೆ ಇಟ್ಟ. ಒಳಗೆ ಕರೆದೊಯ್ದರು, ಪರೀಕ್ಷೆ ಮಾಡಿದರು, ಮರಳಿ ಕಳಿಸಿದರು. ಜನ ಎದ್ದು ನಿಂತು ಚಪ್ಪಾಳೆ. ನನ್ನ ಹಿಂದಿನ ಸಾಲಿನವನು, ಔಷಧಿ ಅಂಗಡಿ ಇಟ್ಟವನು, "ಗಂಡು ಅಂದ್ರೆ ಅವನು!" ಅಂದ. ತಿರುಗಿ ನೋಡಿದೆ. ನನ್ನ ಮುಖ ಕಂಡು ಟೋಪಿ ಸರಿಮಾಡಿಕೊಂಡ.

ಪತ್ರಿಕೆಯಲ್ಲಿ ಕ್ಲಬ್ಬಿನ ಅಧ್ಯಕ್ಷನ ಸಂದರ್ಶನ. "ನಮ್ಮ ಹುಡುಗರು ಗ್ಲಾಡಿಯೇಟರುಗಳು." ರೋಮಿನ ಅಖಾಡದಲ್ಲಿ ಕಾದಾಡುತ್ತಿದ್ದ ಗ್ಲಾಡಿಯೇಟರುಗಳು ಗುಲಾಮರಾಗಿದ್ದರು ಸ್ವಾಮಿ. ಮಾಲೀಕರಿದ್ದರು ಅವರಿಗೆ. ಆ ಮಾಲೀಕರು ತಮ್ಮ ಸೊತ್ತು ಕೆಡದಂತೆ ಒಳ್ಳೆಯ ವೈದ್ಯರನ್ನಾದರೂ ಇಟ್ಟಿರುತ್ತಿದ್ದರು. ಹೀಗೆಂದು ಸಂಪಾದಕರಿಗೆ ಬರೆದು ಹಾಕಿದೆ. ಅಚ್ಚು ಮಾಡುವುದಿಲ್ಲ, ಗೊತ್ತು.

ಡಿಸೆಂಬರ್ 22, ಭಾನುವಾರ

ಊಟಕ್ಕೆ ಬಂದ ಗೀಲೆಮ್ ಮೊದಲು ಕಿಟಕಿಯ ಪರದೆ ಎಳೆದ. ಬೆಳಕು ಕುಕ್ಕುತ್ತದಂತೆ — ಈ ಮಂಕು ಚಳಿಗಾಲದಲ್ಲಿ! ಕೋಚ್‌ನ ಹೊಸ ನಾಯಿಯ ಕಥೆ ಹೇಳಿ ನಗಿಸಿದ. ಊಟದ ಕೊನೆಗೆ ಚೀಸ್ ಇಡುವ ಹೊತ್ತಿಗೆ ಅದೇ ಕಥೆ, ಅದೇ ಮಾತುಗಳಲ್ಲಿ, ಮತ್ತೆ. ನಾನು ಅದೇ ಜಾಗದಲ್ಲಿ ಮತ್ತೆ ನಕ್ಕೆ. ಬೇರೇನು ಮಾಡಲಿ.

ಮೂವತ್ತೆರಡು ವಯಸ್ಸು.

ಫೆಬ್ರವರಿ 1, ಶನಿವಾರ

ಲೆವಾನ್ ಒಬ್ಬನೇ ಬಂದ. ವ್ಯಾಕರಣ ಕೇಳಬೇಕು ಅಂದ. ಪುಸ್ತಕ ತಂದಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಕೈ ಉಜ್ಜುತ್ತಿದ್ದ.

ಚೆಂಡು ಗೆರೆಯಾಚೆ ಹೋದಾಗ ಒಳಗೆ ಎಸೆಯುವವನು ಗೀಲೆಮ್. ಸಾಲಿನಲ್ಲಿ ಯಾರಿಗೆ ಎಸೆಯಬೇಕು ಎಂದು ನಾಯಕ ಗುಟ್ಟು ಭಾಷೆಯಲ್ಲಿ ಕೂಗುತ್ತಾನೆ. "ಅವನಿಗೆ ಅದು ತಲೇಲಿ ನಿಲ್ಲಲ್ಲ ಟೀಚರ್. ಹೊಸ ವರ್ಷದಿಂದ. ನಾನು ಸಾಲಿನ ಮೊದಲಲ್ಲಿ ನಿಂತು ತೊಡೆ ಮೇಲೆ ಬೆರಳು ತೋರಿಸ್ತೀನಿ — ಒಂದಾದ್ರೆ ಹತ್ತಿರ, ಮೂರಾದ್ರೆ ದೂರ. ಅವನು ನನ್ನ ತೊಡೆ ನೋಡಿ ಎಸೀತಾನೆ."

"ಯಾರಿಗೆ ಗೊತ್ತು?"

"ನನ್ನ ತೊಡೆಗೆ." ನಗಲು ನೋಡಿದ, ಆಗಲಿಲ್ಲ. "ನಾನು ಹೇಳಿದ್ದು ಅಂತ ಹೇಳ್ಬೇಡಿ. ಭುಜಕ್ಕೆ ಭುಜ ಕೊಟ್ಟವನು ನಾನು."

ಅವನು ಹೋದ ಮೇಲೆ ಹಳೆಯ ಆಟಗಾರ ಸಾರ್ತು ನೆನಪಾದ. ಸ್ಟೇಡಿಯಮ್ಮಿನ ಸಾರ್ತು ಸ್ಟ್ಯಾಂಡಿನ ಮೆಟ್ಟಿಲ ಸಾಲುಗಳಲ್ಲಿ ಕೂತು ಕೂಗುವವರು ಸಾರ್ತುವನ್ನು ಕಂಡಿಲ್ಲ. ನಾನು ಕಂಡಿದ್ದೇನೆ. ಅವನೂ ಗೀಲೆಮ್ ಆಡುವ ಜಾಗದಲ್ಲೇ ಆಡಿದವನು. ಐವತ್ತು ತುಂಬಿರಲಿಲ್ಲ, ಚೌಕದ ಕೆಫೆಯ ಹೊರಗೆ ಕೂತು ಪಂದ್ಯವಿಲ್ಲದ ಮಂಗಳವಾರವೂ ಕೇಳುತ್ತಿದ್ದ — ಯಾರು ಗೆಲ್ತಿದಾರೆ? "ನಾವೇ ಸಾರ್ತು, ನಾವೇ!" ಅಂತ ಜನ ಒಂದು ಲೋಟ ವೈನ್ ಮುಂದಿಟ್ಟು ಕಣ್ಣು ಮಿಟುಕಿಸುತ್ತಿದ್ದರು. ಸತ್ತ ಮೇಲೆ ಸ್ಟ್ಯಾಂಡಿಗೆ ಅವನ ಹೆಸರು ಬಂತು. ನಮ್ಮೂರಿನ ಕೃತಜ್ಞತೆ ಸಿಮೆಂಟಿನದು.

ಮಾರ್ಚ್ 23, ಭಾನುವಾರ

ಮತ್ತೆ ಪೆಟ್ಟು, ನಿನ್ನೆ. ಈ ಸಲ ನಾನೇ ಕೆಳಗಿಳಿದು ವೈದ್ಯರ ಕೋಣೆಯ ಬಾಗಿಲಲ್ಲಿ ನಿಂತೆ. ಕ್ಲಬ್ಬಿನ ಡಾಕ್ಟರ್ ಎಸ್ತ್ರಾದ್ ಒಳ್ಳೆಯ ಮನುಷ್ಯ. ಅದೇ ಕಷ್ಟ.

"ಗಾಬರಿಯಾಗಬೇಡಿ ಮೇಡಂ. ಆಗಸ್ಟ್‌ನಲ್ಲಿ ನಾಲ್ಕು ಪದ, ಈಗಲೂ ನಾಲ್ಕು. ಏನೂ ಬದಲಾಗಿಲ್ಲ. ನಿಮ್ಮ ಮಗನಿಗೆ ಮೊದಲಿಂದಲೂ ನೆನಪಿನ ಶಕ್ತಿ ಅಷ್ಟಕ್ಕಷ್ಟೆ ಅಂತ ಕಾಣುತ್ತೆ."

ಆಗಸ್ಟ್‌ನದು ಸುಳ್ಳು ಡಾಕ್ಟ್ರೇ — ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಬೆನ್ನ ಹಿಂದೆ ಗೀಲೆಮ್ ಬೆಂಚಿನ ಮೇಲೆ ಕೂತಿದ್ದ. ನನ್ನನ್ನೇ ನೋಡಿದ. ಶಾಲೆಯ ಕಿಟಕಿಯ ಗಾಜು ಒಡೆದ ದಿನ ಹೀಗೇ ನೋಡಿದ್ದ. ಬಾಯಿ ಮುಚ್ಚಿಕೊಂಡೆ. ಅಧ್ಯಕ್ಷನಿಗೆ, ಸಂಪಾದಕರಿಗೆ, ಮೇಯರ್‌ಗೆ ಪಾಠ ಹೇಳುವ ನಾನು.

ಕಾರಿನಲ್ಲಿ ಕೇಳಿದೆ, "ಈಗಲೂ ಬೇಕಂತಲೇ ನಾಲ್ಕು ಹೇಳಿದೆಯಾ?"

"ಹೂಂ. ಇನ್ನೂ ಗೊತ್ತಿತ್ತು. ನಾಲ್ಕಕ್ಕೆ ನಿಲ್ಲಿಸಿದೆ."

ರಸ್ತೆ ನೋಡಿಕೊಂಡೇ ಹೇಳಿದ. ನಂಬಿದೆ. ನಂಬಲೇಬೇಕಿತ್ತು ನನಗೆ.

ಜೂನ್ 8, ಭಾನುವಾರ

ಹದಿನಾಲ್ಕು ತಂಡಗಳಲ್ಲಿ ಹದಿಮೂರನೇ ಸ್ಥಾನ. ನೇರ ಕೆಳದರ್ಜೆಗೆ ಬೀಳಲಿಲ್ಲ, ಉಳಿಯಲೂ ಇಲ್ಲ. ಶನಿವಾರ ಕೆಳದರ್ಜೆಯವರ ಊರಿಗೆ ಹೋಗಿ ಒಂದು ಪಂದ್ಯ — ಸೋತರೆ ನಾವು ಕೆಳಗೆ, ಅವರು ಮೇಲೆ. ಬೇಕರಿಯವಳು ಬ್ರೆಡ್ಡಿಗೂ ಕ್ಲಬ್ಬಿನ ನೀಲಿ ರಿಬ್ಬನ್ ಕಟ್ಟಿದ್ದಾಳೆ. "ಗೀಲೆಮ್‌ಗೆ ಹೇಳಿ ಮೇಡಂ, ಅವನಿಲ್ದೆ ನಮ್ಮ ಸ್ಕ್ರಮ್ ಅಂದ್ರೆ ಹಸಿ ಹಿಟ್ಟು!" ಊರಿಗೆ ಊರೇ ನನ್ನ ಮಗನ ಕುತ್ತಿಗೆಯ ಮೇಲೆ ಕೂತಿದೆ.

ಊಟದಲ್ಲಿ ಹೇಳಿಬಿಟ್ಟೆ. "ಆಗಸ್ಟ್ ವಿಷಯ ನೀನೇ ಡಾಕ್ಟರಿಗೆ ಹೇಳು. ಇಲ್ಲದಿದ್ರೆ ನಾನು ಹೇಳ್ತೀನಿ."

"ಶನಿವಾರ ಆಗ್ಲಿ ಅಮ್ಮಾ."

"ಇನ್ನೊಂದು ಪೆಟ್ಟು ಶನಿವಾರವೇ ಬಿದ್ರೆ?"

"ಸೋತು ಬಂದ್ರೆ ಈ ಊರಲ್ಲಿ ನಮ್ಮಿಬ್ಬರಿಗೂ ಬ್ರೆಡ್ ಸಿಗಲ್ಲ."

"ನಾನು ಮನೇಲೇ ಮಾಡ್ಕೋತೀನಿ."

ತಟ್ಟೆ ಸರಿಸಿ ಎದ್ದುಹೋದ. ಕೋಟು ಇಲ್ಲೇ ಮರೆತಿದ್ದಾನೆ. ಮರೆತನೋ, ಬಿಟ್ಟನೋ.

ಜೂನ್ 12, ಗುರುವಾರ

ಬರಲಿಲ್ಲ. ಗೀಲೆಮ್ ಫೋನ್ ತೆಗೆಯುತ್ತಿಲ್ಲ. ಡಾಕ್ಟರ ನಂಬರ್ ಒತ್ತಿ, ಕೊನೆಯ ಅಂಕೆಗೆ ಮೊದಲೇ ಇಟ್ಟೆ. ನಾಳೆ ಮಾಡುತ್ತೇನೆ. ನಾಳೆ ಖಂಡಿತ…

ಜೂನ್ 14, ಶನಿವಾರ, ಬೆಳಗ್ಗೆ

ನಿನ್ನೆಯೂ ಮಾಡಲಿಲ್ಲ.

ಈಗಷ್ಟೇ ಗೀಲೆಮ್ ಬಂದ. ಬ್ಯಾಗು ಬಾಗಿಲ ಬಳಿ ಇಟ್ಟ. ಲೆವಾನ್ ಬಂದು ಇಲ್ಲಿಂದಲೇ ತಂಡದ ಬಸ್ಸಿಗೆ ಕರೆದೊಯ್ಯುತ್ತಾನಂತೆ. ಕಾಫಿ ಬೇಡ ಅಂದ. ಮೇಜಿನ ಎದುರು ಕೂತ.

"ಅಮ್ಮಾ, ಹತ್ತು ಪದ ಹೇಳು."

"ಯಾಕೋ?"

"ಸುಮ್ನೆ ಹೇಳು. ಡಾಕ್ಟರದ್ದಲ್ಲ, ನಿನ್ನದು."

ಪಾಠ ಬರೆಸುವ ಧ್ವನಿಯಲ್ಲಿ, ನಿಧಾನಕ್ಕೆ ಹೇಳಿದೆ. ಬೆಣ್ಣೆ. ಕೊಡೆ. ಸೇತುವೆ. ನಾಯಿ. ಗಡಿಯಾರ. ನಿಂಬೆ. ಕುದುರೆ. ಏಣಿ. ಕನ್ನಡಿ. ಉಪ್ಪು.

ಸ್ವಲ್ಪ ಹೊತ್ತು ಹಿತ್ತಲ ಟೊಮೆಟೊ ಗಿಡದ ಮಾತಾಡಿದೆವು. ಮಾತಾಡುತ್ತಲೇ ನಾನು ಒಳಗೊಳಗೆ ಆ ಹತ್ತನ್ನೂ ಹೇಳಿಕೊಳ್ಳುತ್ತಿದ್ದೆ, ಅವನ ಬಾಯಿಗೆ ತುತ್ತು ಇಡುವವಳ ಹಾಗೆ.

"ಈಗ ಹೇಳ್ತೀನಿ," ಅಂದ. "ಬೆಣ್ಣೆ. ಕೊಡೆ." ಬೇಗ ಬಂತು. "ಉಪ್ಪು." ಆಮೇಲೆ ತಡ. "ನಾಯಿ."

ಕಾದೆ. ಮೇಜಿನ ಅಂಚು ಹಿಡಿದ ಅವನ ಬೆರಳು ಬಿಳಿಚಿಕೊಂಡಿದ್ದವು. ಹಣೆಯ ಮೇಲೆ ಬೆವರು. ಸ್ಕ್ರಮ್‌ನಲ್ಲಿ ತಳ್ಳುವಾಗಲೂ ಅವನನ್ನು ಹೀಗೆ ಕಂಡಿರಲಿಲ್ಲ.

"ನಿಲ್ಲಿಸಿದೆಯಾ?" ಅಂದೆ.

"ಇಲ್ಲ ಅಮ್ಮಾ. ಮಾರ್ಚ್‌ನಲ್ಲೂ ನಿಲ್ಲಿಸಿರಲಿಲ್ಲ."

ಎದುರಿಗೇ ಕೂತಿದ್ದಾನೆ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ. ಇನ್ನೂ ಹುಡುಕುತ್ತಿದ್ದಾನೆ, ತುಟಿ ಅಲುಗುತ್ತಿದೆ. ಹೊರಗೆ ಲೆವಾನ್‌ನ ಹಾರ್ನ್. ಗೀಲೆಮ್ ಬ್ಯಾಗಿನ ಕಡೆ ನೋಡಿದ. ಏಳಲಿಲ್ಲ.

"ಡಾಕ್ಟರಿಗೆ ನೀನೇ ಹೇಳ್ತೀಯಾ?" ಅಂದ, ಬಹಳ ಮೆಲ್ಲಗೆ.

ಮತ್ತೆ ಹಾರ್ನ್. ಹೋಗುತ್ತೇನೆ. ಮೊದಲು ಲೆವಾನ್‌ಗೆ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ, ಆಗಸ್ಟ್‌ನಲ್ಲಿ ಇವನಿಗೆ ಹತ್ತೂ ನೆನಪಿತ್ತು ಅಂತ ಹೇಳುತ್ತೇನೆ.