ಬಾಗಿಲು ದಾಟದ ಯಂತ್ರ

ಅಡ್ಡಮಾತಿನ ಅಕ್ಕನಿಗೆ ನಮಸ್ಕಾರ.

ಎಲ್ಲದಕ್ಕೂ ಅಡ್ಡ ಪ್ರಶ್ನೆ ಹಾಕುವವರೆಂದು ನಾವೆಲ್ಲ ನಕ್ಕು ನಕ್ಕು ನೋಯಿಸಿದ್ದಕ್ಕೆ ನೀವು ನಮ್ಮ ಪುಸ್ತಕ ಕಟ್ಟುವವರ ಸಂಘ ಬಿಟ್ಟ ಮೇಲೆ, ಸಭೆಗಳು ಹತ್ತೇ ನಿಮಿಷದಲ್ಲಿ ಮುಗಿಯುತ್ತಿವೆ. ಕಾಗದ ಕತ್ತರಿಸುವ ಹೊಸ ಯಂತ್ರ ತರಿಸೋಣ ಎಂದಾಗಲೂ ಕೋಲೆಬಸವನ ಹಾಗೆ ತಲೆಯಾಡಿಸಿದೆವು. ಯಂತ್ರ ಬಂತು, ಬಾಗಿಲಲ್ಲಿ ಹಿಡಿಸದೆ ಬೀದಿಯಲ್ಲೇ ನಿಂತಿದೆ. "ಬಾಗಿಲು ಅಳೆದ್ರೇನ್ರಪ್ಪಾ?" ಅಂತ ಕೇಳಲು ನೀವಿರಲಿಲ್ಲ.

ಈಗ ಗೋಡೆ ಒಡೆಯೋಣ ಎನ್ನುತ್ತಿದ್ದಾರೆ. ಬೇಡ ಎಂದವನು ನಾನೊಬ್ಬನೇ. ಅಂದಿನಿಂದ ಮಧ್ಯಾಹ್ನ ನನ್ನ ಪಕ್ಕ ಯಾರೂ ಊಟಕ್ಕೆ ಕೂರುವುದಿಲ್ಲ. ನನ್ನದೇ ತಪ್ಪಿರಬಹುದು, ಆದರೆ ಹೇಗೆ ತಪ್ಪು ಎಂದು ವಾದಿಸಿ ತೋರಿಸುವವರೂ ಇಲ್ಲ.

ಸೋಮವಾರದ ಸಭೆಗೆ ದಯವಿಟ್ಟು ಬನ್ನಿ. ನನ್ನ ವಿರುದ್ಧ ಮಾತಾಡಿದರೂ ಸರಿ. ನಿಮ್ಮ ಕುರ್ಚಿ ಒರೆಸಿಟ್ಟಿದ್ದೇನೆ.

ಇಂತಿ,
ನಿಮಗೆ ಆ ಹೆಸರಿಟ್ಟು ಎಲ್ಲರಿಗಿಂತ ಮೊದಲು ನಕ್ಕ,
ಪುಸ್ತಕದ ಹಾಳೆ ಹೊಲಿಯುವ ಮೇಜಿನ ತಮ್ಮ