ಹೂ ತುಂಬಿದ ತಟ್ಟೆ, ಎದುರಿಗೆ ಸೊನ್ನೆ

ತಕ್ಕಡಿಗಳಿಗೆ ಮುದ್ರೆ ಒತ್ತುವ ಮಾನ್ಯ ಅಧಿಕಾರಿಗಳೇ,

ನೀವು ಪರೀಕ್ಷಿಸಿ, ತಂತಿ ಬಿಗಿದು, ಸೀಸದ ಮುದ್ರೆ ಒತ್ತಿಕೊಟ್ಟ ನಮ್ಮ ಡಿಜಿಟಲ್ ತಕ್ಕಡಿ ಈ ಮಲ್ಲಿಗೆಯ ಕಾಲದಲ್ಲಿ ಎರಡು ಸಲ ತನ್ನ ಬುದ್ಧಿ ಬದಲಿಸಿತು. ಮುದ್ರೆ ಮಾತ್ರ ಇದ್ದ ಹಾಗೆಯೇ ಇದೆ. ಆ ಎರಡು ಬದಲಾವಣೆಗಳ ನಡುವೆ ಸುಂಕಮ್ಮ ಎಂಬ ಹೆಣ್ಣುಮಗಳು ಕಳ್ಳಿಯಾದಳು. ಅವಳನ್ನು ಕಳ್ಳಿ ಮಾಡಿದ್ದು ಯಾರು ಎಂದು ನೀವು ಕೇಳಬಹುದು. ತಕ್ಕಡಿ ಎಂದು ಬರೆಯಲು ಕೈ ಹೋಗುತ್ತದೆ, ಆದರೆ ತಕ್ಕಡಿಗೆ ಬಾಯಿಲ್ಲ. ಮಾಡಿದವಳು ನಾನು. ನನ್ನ ಬೆನ್ನಿಗೆ ನಿಮ್ಮ ಮುದ್ರೆ ನಿಂತಿತ್ತು.

ಹೂವಿನಹಡಗಲಿಯ ಅಂಚಿನಲ್ಲಿ ನಮ್ಮದೊಂದು ಸಣ್ಣ ಮಲ್ಲಿಗೆ ತೋಟವಿದೆ. ನಮ್ಮ ಹೂವನ್ನೂ ಅಕ್ಕಪಕ್ಕದ ಬೆಳೆಗಾರರ ಹೂವನ್ನೂ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ತೂಗಿ ಹೊಸಪೇಟೆಯ ಬಸ್ಸಿಗೆ ಹಾಕಿಸುವುದು ನನ್ನ ಕೆಲಸ. ಕನ್ನಡದಲ್ಲಿ ಎಂ.ಎ. ಮಾಡಿದ್ದೇನೆ. ತಕ್ಕಡಿಯ ಪಕ್ಕದಲ್ಲಿ ಯಾವಾಗಲೂ ಒಂದು ಕವನ ಸಂಕಲನ ಇರುತ್ತದೆ. ಬಿಡಿಸಿದ ಮೊಗ್ಗಿನ ತೂಕದ ಮೇಲೆ ಹೆಂಗಸರಿಗೆ ಕೂಲಿ. ಹೀಗಾಗಿ ತಟ್ಟೆಯ ಮುಂದೆ ಕುಳಿತವಳ ಮಾತು ಅಲ್ಲಿ ಕೊನೆಯ ಮಾತು. ಆ ಮಾತನ್ನು ನಾನು ಕಳೆದ ವರ್ಷ ಯಂತ್ರಕ್ಕೆ ಒಪ್ಪಿಸಿದೆ. ಹಳೆಯ ಎರಡು ತಟ್ಟೆಯ ತಕ್ಕಡಿಯನ್ನು ಅಟ್ಟಕ್ಕೆ ಹಾಕಿ, ತೂಕವನ್ನು ತಾನೇ ಫೋನಿಗೆ ಕಳಿಸುವ ಹೊಸದನ್ನು ತಂದೆ. ಇನ್ನು ಮೇಲೆ ಯಾರೂ ಯಾರನ್ನೂ ಅನುಮಾನಿಸಬೇಕಾಗಿಲ್ಲ ಎಂದು ಎಲ್ಲರ ಮುಂದೆ ಭಾಷಣ ಬೇರೆ ಮಾಡಿದ್ದೆ. ಈಗ ಆ ಭಾಷಣ ನೆನಪಾದಾಗಲೆಲ್ಲ ಚಪ್ಪರದಿಂದ ಎದ್ದು ಒಳಗೆ ಹೋಗುತ್ತೇನೆ.

ಹೊಸ ತಕ್ಕಡಿಗೆ ಒಂದು ಚಾಳಿ ಇತ್ತು. ಫ್ಯಾನಿನ ಗಾಳಿ ತಾಗಿದರೆ ಖಾಲಿ ತಟ್ಟೆಯಲ್ಲೂ ಅಂಕಿ ನಡುಗುತ್ತಿತ್ತು. ನಾಲ್ಕು ಸಾಲು ಓದಿ ತಲೆ ಎತ್ತಿದರೆ ಅದರ ನಡುಕ ನನಗೆ ಕಿರಿಕಿರಿ. ಕಂಪನಿಗೆ ದೂರು ಕೊಟ್ಟೆ. ಕೆಲವು ದಿನಗಳ ನಂತರ ಫೋನಿನಲ್ಲಿ ಒಂದು ಸೂಚನೆ ಬಂತು. ಸ್ಥಿರತೆಯನ್ನು ಉತ್ತಮಪಡಿಸಲಾಗಿದೆಯಂತೆ, ಒಪ್ಪುತ್ತೀರಾ ಎಂದು ಕೇಳಿತ್ತು. ಕೆಳಗೆ ಉದ್ದದ ಬರಹ. ಒಂದು ಪದ್ಯವನ್ನು ಹತ್ತಾರು ಸಲ ಓದುವ ನಾನು ಅದನ್ನು ಒಂದು ಸಲವೂ ಓದದೆ ‘ಒಪ್ಪುತ್ತೇನೆ’ ಎಂದು ಒತ್ತಿದೆ. ಅಂಕಿ ನಡುಗುವುದು ನಿಂತಿತು. ನನಗೆ ನೆಮ್ಮದಿಯಾಯಿತು.

ಇನ್ನು ಸುಂಕಮ್ಮ. ನಮ್ಮ ಸಾಲುಗಳಲ್ಲಿ ಬಹಳ ವರ್ಷಗಳಿಂದ ಮೊಗ್ಗು ಬಿಡಿಸುವವಳು. ಉಳಿದವರು ಚೀಲ ತಂದು ತಟ್ಟೆಯ ಮೇಲೆ ಒಂದೇ ಏಟಿಗೆ ಬೋರಲು ಹಾಕುತ್ತಾರೆ. ಅವಳು ಹಾಗಲ್ಲ. ಹಿಡಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು, ಬೆರಳ ಸಂದಿನಿಂದ ಉದುರಿಸುತ್ತ, ತೊಟ್ಟು, ಎಲೆ, ಅರಳಿಹೋದ ಹೂವನ್ನು ಅಲ್ಲಿಯೇ ಆರಿಸಿ ಎಸೆಯುತ್ತಾಳೆ. ಹಳೆಯ ತಕ್ಕಡಿಯ ಕಾಲದಿಂದ ಬಂದ ಕೈ ಅದು. ನಮ್ಮ ಬಳಗದವರೇ ಆದ ನಾಗಲಿಂಗಮ್ಮ ಸರದಿಯಲ್ಲಿ ಹಿಂದೆ ನಿಂತು ದಿನವೂ ಕಾಡುತ್ತಿದ್ದರು.

“ಏ ಸುಂಕಿ, ಅಕ್ಕಿ ಆರಿಸಾಕ ಕುಂತೀಯೇನ? ಸುರುವಲೇ, ಬಸ್ಸು ಹೋಗತೈತಿ!”

“ಬಸ್ಸಿಗೇನು ಗೊತ್ತಾಗತೈತ್ರಿ ಅಕ್ಕಾರ, ತೊಟ್ಟು ಯಾವ್ದು ಹೂವು ಯಾವ್ದು ಅಂತ? ಮುಡಕೊಳ್ಳಾಕಿಗೆ ಗೊತ್ತಾಗತೈತಿ.”

ನಾನು ‘ಒಪ್ಪುತ್ತೇನೆ’ ಎಂದು ಒತ್ತಿದ ಮೇಲೆ ಅವಳ ತೂಕ ಇಳಿಯತೊಡಗಿತು. ಅದೇ ಸಾಲು, ಅದೇ ಗಿಡ, ಚೀಲವೂ ಕಣ್ಣಿಗೆ ಅಷ್ಟೇ ತುಂಬಿರುತ್ತಿತ್ತು. ಬೇರೆ ಯಾರ ತೂಕವೂ ಇಳಿಯಲಿಲ್ಲ. ಯಂತ್ರ ಕೆಟ್ಟಿದ್ದರೆ ಎಲ್ಲರಿಗೂ ಕೆಡಬೇಕಲ್ಲವೇ? ಸುಶಿಕ್ಷಿತ ತರ್ಕ ನೋಡಿ ಇದು! ಹೂವು ಎಲ್ಲಿಗೆ ಹೋಗುತ್ತಿದೆ ಎಂದು ಹೆಂಗಸರು ಪಿಸುಗುಟ್ಟಿದರು. ಮುಡಿಗೆ ಒಂದು ಹಿಡಿ ಮೊಗ್ಗು ಒಯ್ಯುವುದನ್ನು ನಮ್ಮಲ್ಲಿ ಯಾರೂ ಕಳವು ಎನ್ನುವುದಿಲ್ಲ. ಆದರೆ ಇದು ಮುಡಿಗೆ ಮೀರಿದ ಹೂವು. ಒಂದು ಬೆಳಗ್ಗೆ ಎಲ್ಲರೂ ಇದ್ದಾಗ ನಾನು ಹೇಳಿದೆ: “ಸುಂಕಮ್ಮ, ಉಡಿ ಒಮ್ಮಿ ಝಾಡಿಸಿಬಿಡವ್ವ.”

ಮೆತ್ತಗೆ ಹೇಳಿದೆ. ಮೆತ್ತಗೆ ಹೇಳಿದ್ದು ಆಗ ನನಗೆ ದೊಡ್ಡ ಸಭ್ಯತೆಯಾಗಿ ಕಂಡಿತ್ತು.

“ನಾನೇನ್ರಿ?” ಎಂದಳು. ನಾನು ತಕ್ಕಡಿಯ ಅಂಕಿಯ ಕಡೆಗೆ ನೋಡಿದೆ. ಅವಳು ಸೀರೆಯ ಉಡಿ ಬಿಚ್ಚಿ, ಎರಡೂ ಕೈಯಿಂದ ಅಂಚು ಹಿಡಿದು ಝಾಡಿಸಿದಳು. ಎಲೆ ಅಡಿಕೆಯ ಸಂಚಿ ಬಿತ್ತು. ಒಂದು ಒಣಗಿದ ಎಲೆ ಬಿತ್ತು. ಅಷ್ಟೇ. ಸಂಚಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ಏಳುತ್ತ ಹೇಳಿದಳು: “ನಂದು ಆತ್ರಿ ಅಮ್ಮಾರ. ಅದಕ್ಕೂ ಉಡಿ ಇದ್ರ ಝಾಡಿಸಿ ನೋಡ್ರಿ.” ಅವಳು ಗದ್ದ ಎತ್ತಿದ್ದು ತಕ್ಕಡಿಯ ಕಡೆಗೆ. ಹೆಂಗಸರು ಕಿಸಕ್ಕೆಂದು ನಕ್ಕರು. ಉಡಿ ಖಾಲಿಯಿತ್ತು, ಮಾನ್ಯರೇ. ನಾನು ಕಣ್ಣಾರೆ ಕಂಡೆ. ಕಂಡ ಮೇಲೂ ನಾನು ನಂಬಿದ್ದು ತಕ್ಕಡಿಯನ್ನು. ಬೇರೆಲ್ಲೋ ಬಚ್ಚಿಟ್ಟಿರಬೇಕು ಎಂದುಕೊಂಡೆ. ಮರುದಿನದಿಂದ ಅವಳು ಬರಲಿಲ್ಲ. ಬರದೆ ಇದ್ದುದನ್ನು ಅವಳ ಅಪರಾಧಕ್ಕೆ ಸಾಕ್ಷಿಯೆಂದು ಎಣಿಸಿದೆ.

ಅವಳು ಹೋದ ಮೇಲೆ ಹೊಸಪೇಟೆಯ ವ್ಯಾಪಾರಿಯಿಂದ ಫೋನ್ ಬಂತು. ಹೂವಿನಲ್ಲಿ ಬರೀ ತೊಟ್ಟು ಬರುತ್ತಿದೆಯಂತೆ. ಹಾಗಾಗಿ ಆರಿಸುವ ಕೆಲಸಕ್ಕೆ ನಾನೇ ಕುಳಿತೆ. ಸುಂಕಮ್ಮ ಮಾಡುತ್ತಿದ್ದ ಹಾಗೆ ಹಿಡಿ ಹಿಡಿಯಾಗಿ ಬೆರಳ ಸಂದಿನಿಂದ ಉದುರಿಸುತ್ತ ಹೋದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದೆ. ತಟ್ಟೆಯ ತಳ ಕಾಣದಷ್ಟು ಹೂವು ಬಿದ್ದಿತ್ತು. ಎದುರಿಗೆ ಹಸಿರು ಅಂಕಿಯಲ್ಲಿ ಸೊನ್ನೆ. ನಡುಗದ, ಸ್ಥಿರವಾದ, ನಿಮ್ಮ ಮುದ್ರೆಯುಳ್ಳ ಸೊನ್ನೆ.

ಆಮೇಲೆ ಮತ್ತೆ ಮತ್ತೆ ಉದುರಿಸಿ ನೋಡಿ ತಿಳಿದದ್ದು ಇಷ್ಟು. ಖಾಲಿ ತಟ್ಟೆಯ ಮೇಲೆ ಹಗುರವಾದದ್ದು ನಿಧಾನವಾಗಿ ಬಿದ್ದರೆ ಯಂತ್ರ ಅದನ್ನು ಗಾಳಿಯೋ ಧೂಳೋ ಎಂದು ಭಾವಿಸಿ ಮತ್ತೆ ಮತ್ತೆ ಸೊನ್ನೆಗೆ ಎಳೆದುಕೊಳ್ಳುತ್ತದೆ. ಧಡಕ್ಕನೆ ಬಿದ್ದದ್ದನ್ನು ಮಾತ್ರ ತೂಕ ಎಂದು ಒಪ್ಪುತ್ತದೆ. ಗಾಳಿಯ ನಡುಕ ನಿಲ್ಲಿಸಲೆಂದು ಕಂಪನಿಯವರು ಆ ಗುಣವನ್ನು ಅತಿಯಾಗಿ ಹೆಚ್ಚಿಸಿದ್ದರು. ನಾಗಲಿಂಗಮ್ಮನವರ ಎಲೆ, ತೊಟ್ಟು, ಮಣ್ಣು ಎಲ್ಲ ಹೂವಿನ ಲೆಕ್ಕಕ್ಕೆ ಬಂತು. ಸುಂಕಮ್ಮನ ಪ್ರತಿ ಚೀಲದ ಮೊದಲ ಹಿಡಿಗಳು ಗಾಳಿಯ ಲೆಕ್ಕಕ್ಕೆ ಹೋದವು. ಅವಳ ಹೂವನ್ನು ತಟ್ಟೆಯಿಂದ ಎತ್ತಿದಾಗ ಅಂಕಿಯ ಎಡಕ್ಕೆ ಒಂದು ಚಿಕ್ಕ ಕಳೆಯುವ ಗೆರೆ ಮೂಡಿ ಮಾಯವಾಗುತ್ತಿತ್ತು. ಅದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಖಾಲಿ ತಟ್ಟೆ ಸೊನ್ನೆಗಿಂತ ಕಡಿಮೆ ಹೇಗೆ ತೂಗುತ್ತದೆ ಎಂದು ಕೇಳಿಕೊಳ್ಳಲಿಲ್ಲ. ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಹಿಡಿಯುವ ನಾನು, ಕಣ್ಣ ಮುಂದಿನ ಗೆರೆಗೆ ಕುರುಡಾಗಿದ್ದೆ.

ಕಂಪನಿಗೆ ಫೋನ್ ಮಾಡಿದೆ. ಅತ್ತಲಿಂದ ಬಂದದ್ದು ಬಹಳ ವಿನಯದ ದನಿ: “ಮೇಡಂ, ಅದು ತಪ್ಪಲ್ಲ, ಫೀಚರ್. ನಂಬರ್ ಅಲ್ಲಾಡುತ್ತೆ ಅಂತ ನೀವೇ ರಿಕ್ವೆಸ್ಟ್ ಹಾಕಿದ್ರಲ್ಲ? ಆಯ್ತು, ಚೆಕ್ ಮಾಡಿಸ್ತೀವಿ.” ನಾನು ಮರುದಿನ ಬೆಳಗ್ಗೆ ಹೆಂಗಸರನ್ನೆಲ್ಲ ಸೇರಿಸಿದೆ. ತಪ್ಪು ಸುಂಕಮ್ಮನದಲ್ಲ, ತಕ್ಕಡಿಯದು, ಅದಕ್ಕಿಂತ ಹೆಚ್ಚು ನನ್ನದು ಎಂದು ಹೇಳಿ, ತೋರಿಸುತ್ತೇನೆ ನೋಡಿ ಎಂದು ಮೊಗ್ಗು ಉದುರಿಸತೊಡಗಿದೆ. ಅಂಕಿ ಏರಿತು. ಇನ್ನೂ ನಿಧಾನವಾಗಿ ಉದುರಿಸಿದೆ. ಆಗಲೂ ಏರಿತು. ರಾತ್ರಿಯೊಳಗೆ ಕಂಪನಿಯವರು ತಮ್ಮ ಊರಿನಲ್ಲೇ ಕುಳಿತು ನಮ್ಮ ಚಪ್ಪರದ ತಕ್ಕಡಿಯನ್ನು ಸರಿಮಾಡಿಬಿಟ್ಟಿದ್ದರು. ಈ ಸಲ ನನ್ನ ಒಪ್ಪಿಗೆಯನ್ನೂ ಕೇಳಲಿಲ್ಲ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಗಲಿಂಗಮ್ಮ ನನ್ನ ಬೆನ್ನು ಸವರಿದರು. “ಹೋಗ್ಲಿ ಬಿಡವ್ವ. ನೀ ಓದಿದಾಕಿ, ಮನಸು ಮೆತ್ತಗ ಐತಿ. ಬಡವಿ ಅಂತ ಆಕಿ ತಪ್ಪು ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಿ. ಮುದ್ರಿ ಇರೋ ತಕ್ಕಡಿ ಎಲ್ಯಾರ ಸುಳ್ಳು ಹೇಳತೈತೇನು?” ಎಲ್ಲರೂ ತಲೆಯಾಡಿಸಿದರು. ನನ್ನ ತಪ್ಪೊಪ್ಪಿಗೆ ನನ್ನ ದೊಡ್ಡ ಗುಣವಾಗಿಹೋಯಿತು. ಸುಂಕಮ್ಮನಿಗೆ ಸಿಕ್ಕಿದ್ದು ಮಾಡದ ಕಳವಿಗೆ ಕ್ಷಮೆ. ಮೊದಲು ಅನುಮಾನ ಮಾತ್ರ ಇತ್ತು, ಈಗ ಕ್ಷಮಾದಾನವೂ ಸೇರಿ ಅವಳ ಕಳವು ಸಾಬೀತಾಯಿತು.

ಕಂಪನಿಗೆ ಮತ್ತೆ ಫೋನ್ ಮಾಡಿದೆ. “ಈಗ ಸರಿ ಇದೆಯಲ್ವಾ ಮೇಡಂ? ಕಂಪ್ಲೇಂಟ್ ಕ್ಲೋಸ್ ಆಗಿದೆ” ಎಂದರು. ಉಳಿದದ್ದು ನೀವು. ನಮ್ಮೂರಿನಲ್ಲಿ ನಿಮ್ಮ ಮುದ್ರೆಯ ಶಿಬಿರ ನಡೆದಾಗ ತಕ್ಕಡಿಯನ್ನೂ ಒಂದು ಚೀಲ ಮೊಗ್ಗನ್ನೂ ಹೊತ್ತು ಬಂದೆ. ನಿಮಗೆ ನೆನಪಿರಬಹುದು. ನಿಮ್ಮ ಸಹಾಯಕರು ತೂಕದ ಕಬ್ಬಿಣದ ಬೊಟ್ಟನ್ನು ತಟ್ಟೆಯ ಮೇಲಿಟ್ಟರು. “ನೋಡ್ರಿ ಅಕ್ಕಾರ, ಕರೆಕ್ಟ್ ಐತಿ.” ಹೂವು ಉದುರಿಸಿ ಪರೀಕ್ಷೆ ಮಾಡುವ ಕ್ರಮ ಇಲ್ಲವೇ ಎಂದು ಕೇಳಿದೆ. “ಹೂವು ಉದುರಿಸಾಕ ಇದೇನು ಪೂಜಿ ಏನ್ರಿ?” ಎಂದರು. ಸುತ್ತಲಿನವರು ನಕ್ಕರು, ನೀವೂ ನಕ್ಕಿರಿ. ಆಮೇಲೆ ತಂತಿಯನ್ನು ಮುಟ್ಟಿ ನೋಡಿ ಗಂಭೀರವಾಗಿ ಹೇಳಿದಿರಿ: “ಮುದ್ರೆ ಒಡೆದಿಲ್ಲ. ತೂಕ ಸರಿ ಇದೆ. ಸರಿ ಇರುವ ತಕ್ಕಡಿಯ ಮೇಲೆ ನಾನು ಏನಂತ ಬರೆಯಲಿ? ನಿಯಮದಲ್ಲಿ ಅದಕ್ಕೆ ಜಾಗವಿಲ್ಲ ತಾಯಿ.”

ಅದೇ ನನ್ನ ದೂರು. ಜಾಗ ಇಲ್ಲ ಎಂಬುದೇ. ನಿಮ್ಮ ಸೀಸ ಮತ್ತು ತಂತಿ ಪೆಟ್ಟಿಗೆಯನ್ನು ಕಾಯುತ್ತಿವೆ. ತೂಕ ಈಗ ಪೆಟ್ಟಿಗೆಯಲ್ಲಿ ವಾಸವಾಗಿಲ್ಲ. ಮನೆಯವರು ಹಿತ್ತಲಿನಿಂದ ಮನೆ ಖಾಲಿ ಮಾಡಿ ಹೋದ ಮೇಲೂ ಮುಂಬಾಗಿಲಿನ ಬೀಗ ಜಗ್ಗಿ ನೋಡಿ “ಭದ್ರವಾಗಿದೆ” ಎನ್ನುವ ಕಾವಲುಗಾರನನ್ನು ಏನೆಂದು ಕರೆಯುವುದು? ಹಿಂದೆ ತಕ್ಕಡಿಯನ್ನು ಕೆಡಿಸಬೇಕಾದರೆ ತಟ್ಟೆಯ ಕೆಳಗೆ ಮೇಣ ಅಂಟಿಸಬೇಕಿತ್ತು, ಕೈ ಬೇಕಿತ್ತು, ಕೈಗೆ ಗುರುತು ಇರುತ್ತಿತ್ತು. ಈಗ ದೂರದಲ್ಲಿ ಯಾರೋ ಒಂದು ಗುಂಡಿ ಒತ್ತುತ್ತಾರೆ, ಇಲ್ಲಿ ನನ್ನಂಥವಳೊಬ್ಬಳು ಇನ್ನೊಂದನ್ನು ಒತ್ತುತ್ತಾಳೆ, ನಡುವೆ ನಿಮ್ಮ ಮುದ್ರೆ ಕದಲದೆ ಕುಳಿತಿರುತ್ತದೆ. ಇನ್ನು ನಿಮ್ಮ ಕಬ್ಬಿಣದ ಬೊಟ್ಟು. ಅದು ತೊಟ್ಟು ಆರಿಸುವುದಿಲ್ಲ, ನಿಧಾನವಾಗಿ ಬೀಳುವುದಿಲ್ಲ. ಕೂಡ್ಲಿಗಿಯ ಸಂತೆಯಲ್ಲಿ ತಟ್ಟೆ ಹತ್ತಿದ ಕುರಿಯಂತೆ ಒದೆಯುವುದಿಲ್ಲ, ಕೊಟ್ಟೂರಿನ ಹುಣಸೆಹಣ್ಣಿನಂತೆ ತಟ್ಟೆಗೆ ಅಂಟುವುದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯಲ್ಲಿ ಇಂಥ ಫೋನಿನ ತಕ್ಕಡಿಗಳು ಬಂದು ಕುಳಿತಿವೆ. ಅವುಗಳ ಮೇಲೆ ನಾವು ಇಡುವ ವಸ್ತು ಯಾವುದೂ ಕಬ್ಬಿಣವಲ್ಲ. ಹೊಸ ಯಂತ್ರ ಬೇಡ ಎನ್ನುತ್ತಿಲ್ಲ ನಾನು. ಯಂತ್ರ ತಿಂಗಳಿಗೊಮ್ಮೆ ಹೊಸದಾಗುವಾಗ ನಿಯಮ ಮಾತ್ರ ಯಾಕೆ ಅಜ್ಜನ ಕಾಲದ ತಂತಿ ಹಿಡಿದು ಕೂರಬೇಕು ಎಂದು ಕೇಳುತ್ತಿದ್ದೇನೆ.

ಈ ಪತ್ರ ಬರೆಯುವ ಮುನ್ನ ಕೊನೆಗೂ ಸುಂಕಮ್ಮನ ಮನೆಗೆ ಹೋದೆ. ಮೊದಲೇ ಹೋಗಬೇಕಿತ್ತು. ಎಲ್ಲವನ್ನೂ ಸರಿಮಾಡಿ ಆಮೇಲೆ ಮುಖ ತೋರಿಸೋಣ ಎಂಬುದು ನನ್ನ ಇನ್ನೊಂದು ಸಭ್ಯತೆ. ಬೇರೆ ತೋಟದವರು ಅವಳನ್ನು ಕರೆಯುವುದಿಲ್ಲವಂತೆ. ಒಬ್ಬರು ಕರೆದು, ಚೀಲದ ಜೊತೆ ಉಡಿಯನ್ನೂ ತೋರಿಸಿ ಹೋಗಬೇಕು ಎಂದರಂತೆ. ಮೊಗ್ಗು ಬಿಡಿಸುವ ಕೈ ಈಗ ಈರುಳ್ಳಿಯ ಬಾಲ ಕತ್ತರಿಸುತ್ತಿದೆ. ನಾನು ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ನೀರು ಕೊಟ್ಟಳು. ಖಾಲಿ ಲೋಟ ತೆಗೆದುಕೊಂಡು ಕೇಳಿದಳು:

“ನೀವು ತಪ್ಪಾತು ಅಂದ್ರ ನಿಮ್ಮನ್ನ ದೇವ್ರಂಥಾಕಿ ಅಂತಾರ್ರಿ ಅಮ್ಮಾರ. ನನ್ನ ಏನಂತಾರ?”

“ಕೆಲಸಕ್ಕೆ ಬಾ ಸುಂಕಮ್ಮ” ಎಂದೆ.

“ಬರ್ತೀನ್ರಿ, ಬರಲ್ಲ ಅನ್ನಂಗಿಲ್ಲ. ಆ ಮುದ್ರಿ ಒತ್ತೋರು ಬಂದು, ನಾ ಝಾಡಿಸಿದ ಜಾಗದಾಗ ನಿಂತು, ಆಗ ಇದ್ದೋರ ಮುಂದ ಹೇಳಲಿ. ಆವತ್ತು ಬರ್ತೀನಿ. ನಿಮ್ಮ ಬಾಯಾಗ ಬ್ಯಾಡ.”

ಆದ್ದರಿಂದ ಕೇಳುತ್ತಿದ್ದೇನೆ. ಮುದ್ರೆ ಬಿದ್ದ ತಕ್ಕಡಿಯೊಳಗಿನ ಯಾವುದೇ ಬದಲಾವಣೆಯನ್ನು ಮುದ್ರೆ ಒಡೆದದ್ದಕ್ಕೆ ಸಮ ಎಂದು ನಿಯಮ ಹೇಳಬೇಕು. ಯಾವಾಗ, ಏನು, ಯಾರ ಕೈಯಿಂದ ಬದಲಾಯಿತು ಎಂಬುದು ಅಳಿಸಲಾಗದಂತೆ ಯಂತ್ರದಲ್ಲೇ ಉಳಿಯಬೇಕು. ಹೂವು ತೂಗುವ ತಕ್ಕಡಿಯನ್ನು ಹೂವು ಬೀಳುವ ರೀತಿಯಲ್ಲೇ ಪರೀಕ್ಷಿಸಬೇಕು. ಇದಕ್ಕೆಲ್ಲ ಮೇಲಿನವರ ಒಪ್ಪಿಗೆ ಬೇಕು, ಕಾಲ ಹಿಡಿಯುತ್ತದೆ ಎನ್ನುವಿರಿ. ಹಿಡಿಯಲಿ. ಆದರೆ ಕಂಪನಿಯ ಬಾಗಿಲು ತಟ್ಟಿ, ನಮ್ಮ ತಕ್ಕಡಿಯನ್ನು ಎರಡು ಸಲ ಬದಲಿಸಿದ್ದು ಹೌದೋ ಅಲ್ಲವೋ ಎಂದು ಕೇಳಲು ಯಾವ ತಿದ್ದುಪಡಿಯೂ ಬೇಡ. ಕಂಪನಿ ನನ್ನಂಥವಳಿಗೆ ಹೇಳದ ಉತ್ತರವನ್ನು ನಿಮ್ಮ ಕುರ್ಚಿಗೆ ಹೇಳುತ್ತದೆ. ನನಗೆ ಒಬ್ಬ ಹೆಂಗಸಿನ ಉಡಿ ಝಾಡಿಸಲು ಒಂದು ಮೆತ್ತನೆಯ ಮಾತು ಸಾಕಾಯಿತು. ತಕ್ಕಡಿಯ ಉಡಿ ಝಾಡಿಸುವ ಅಧಿಕಾರ ಈ ಸೀಮೆಯಲ್ಲಿ ನಿಮಗೆ ಬಿಟ್ಟರೆ ಇನ್ನಾರಿಗಿದೆ?

ಮಲ್ಲಿಗೆಯ ಕಾಲ ಮುಗಿಯುವ ಮೊದಲು ಬನ್ನಿ. ಬೆಳಗ್ಗೆ ಬನ್ನಿ, ಎಲ್ಲರೂ ಇರುತ್ತಾರೆ. ಕಬ್ಬಿಣದ ಬೊಟ್ಟು ಹೊತ್ತು ತರುವುದು ಬೇಡ, ಕಂಪನಿಯ ಉತ್ತರ ತನ್ನಿ. ಹೊಸ ತಕ್ಕಡಿಯನ್ನು ಬದಿಗಿಟ್ಟು ಅಟ್ಟದಿಂದ ಹಳೆಯದನ್ನು ಇಳಿಸಿದ್ದೇನೆ. ಫ್ಯಾನ್ ಹಾಕಿದರೆ ಅದರ ಮುಳ್ಳೂ ನಡುಗುತ್ತದೆ. ನಾನೀಗ ಪುಸ್ತಕ ಮುಚ್ಚಿಟ್ಟು, ಅದು ನಿಲ್ಲುವವರೆಗೆ ಕಾಯುತ್ತೇನೆ.

ಇಂತಿ,
ಓದದೆ ಒಪ್ಪಿದ, ಕಂಡೂ ನಂಬದ,
ಎಚ್. ಎಂ. ಮರುಳಸಿದ್ದಮ್ಮ, ಎಂ.ಎ.
ಹೂವಿನಹಡಗಲಿ