ಎರಡನೆಯ ಕೂಸು ಕಾಣದಿದ್ದಾಗ

ಗದಗ, ೩೦ ಫೆಬ್ರವರಿ ೨೧೮೭

ಇಪ್ಪತ್ತೊಂದನೆಯ ಶತಮಾನದಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುತ್ತಿರುವ ಹಿರಿಯರಿಗೆ,

ತಾರೀಖು ತಪ್ಪಲ್ಲ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಶಾಲ್ಮಲಾ ಕವಲೂರ, ಇಲ್ಲಿನ ತಾಯಿಮನೆಯಲ್ಲಿ, ಅಂದರೆ ಹೆರಿಗೆ ಆಸ್ಪತ್ರೆಯಲ್ಲಿ, ನೋಟಗಾರ್ತಿ. ಹೊಟ್ಟೆಯೊಳಗಿನ ಕೂಸಿನ ಅಂಗಾಂಗ ನೋಡಿ ಹೇಳುವವಳು ಎಂದರ್ಥ. ಹೆಸರಿಗಷ್ಟೇ. ನೋಡುವುದೆಲ್ಲ 'ತಿಳಿಗ' ಎಂಬ ಯಂತ್ರ. ಬಸುರಿ ಅದರ ಕುರ್ಚಿಯಲ್ಲಿ ಹನ್ನೆರಡು ನಿಮಿಷ ಕೂತರೆ ಸಾಕು, ಕೂಸಿನ ಬೆನ್ನುಹುರಿ, ಹೃದಯ, ಮೂತ್ರಪಿಂಡ ಎಲ್ಲ ನೋಡಿ ಚೀಟಿ ಕೊಡುತ್ತದೆ. ಒಂದೇ ಕೂಸಿದ್ದರೆ ಅದು ತಪ್ಪುವುದು ಅಪರೂಪ. ಆದರೆ ಅವಳಿಯಿದ್ದರೂ ಅದೇ ಹನ್ನೆರಡು ನಿಮಿಷ. ಎರಡು ಕೂಸಿಗೆ ಹೆಚ್ಚು ಹೊತ್ತು ಕೊಡಿ ಎಂದು ಒಂಬತ್ತು ವರ್ಷದಿಂದ ಅರ್ಜಿ ಬರೆಯುತ್ತಿದ್ದೇನೆ. ಪರಿಶೀಲನೆಯಲ್ಲಿದೆಯಂತೆ.

ಐದು ವರ್ಷದ ಹಿಂದೆ ರೋಣದಿಂದ ಮಹಾನಂದಾ ಬಂದಳು. ನೇಯ್ಗೆ ಕಲಿಸುವ ಟೀಚರು, ಐದು ತಿಂಗಳ ಬಸುರಿ, ಹೊಟ್ಟೆಯಲ್ಲಿ ಅವಳಿ. ತಿಳಿಗ 'ಎರಡೂ ಸರಿ' ಎಂದಿತು. ನಾನು ಪರದೆ ನೋಡಿದರೆ ಎರಡನೆಯ ಕೂಸು ಮೊದಲನೆಯದರ ಹಿಂದೆ, ಬೆನ್ನು ತಿರುಗಿಸಿ ಮಲಗಿತ್ತು. ಅದರ ಹೃದಯ ಯಾರಿಗೂ ಕಾಣುವಂತಿರಲಿಲ್ಲ. ಮೇಲ್ವಿಚಾರಕ ಚನ್ನವೀರರಿಗೆ ಹೇಳಿದೆ. ಯಂತ್ರಕ್ಕೆ ಕಂಡದ್ದು ನಿಮಗೆ ಕಾಣದಿದ್ದರೆ ತಪ್ಪು ಯಾರದು ಎಂದು ಕೇಳಿ, ಅವರು ಮುಂದಿನವರನ್ನು ಕರೆದರು. ನನಗೆ ಸಿಟ್ಟು ನೆತ್ತಿಗೇರಿತು. ಉಂಡು, ಅಂಗಳದಲ್ಲಿ ಸ್ವಲ್ಪ ಅಡ್ಡಾಡಿ ಬಾ ಎಂದು ಮಹಾನಂದಾಳಿಗೆ ಹೇಳಿ, ನನ್ನ ಊಟದ ಹೊತ್ತಿನಲ್ಲಿ ಹಳೆಯ ಕೈಸ್ಕ್ಯಾನರು ಹಿಡಿದು ಮತ್ತೆ ನೋಡಿದೆ. ಕೂಸು ಹೊರಳಿತ್ತು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕಾರ, ಮುಚ್ಚಿಡಬ್ಯಾಡ್ರಿ. ಯಾವ ಕೂಸಿಗೆ ಏನಾಗೇತಿ ಹೇಳ್ರಿ."

"ಹಿಂದ ಮಲಗಿದ ಕೂಸಿನ ಹಾರ್ಟಿನಾಗ ತೊಂದ್ರಿ ಐತಿ," ಎಂದೆ. "ಹೊಟ್ಟ್ಯಾಗ ಇರೂತನಕ ಏನೂ ಆಗೂದಿಲ್ಲ. ಹುಟ್ಟಿದ ಮ್ಯಾಲೆ ಲಗೂನ ಆಪರೇಶನ್ ಬೇಕು. ಹೆರಿಗಿ ಹುಬ್ಬಳ್ಳ್ಯಾಗ ಆಗ್ಲಿ, ರೋಣದಾಗ ಬ್ಯಾಡ."

ಬಹಳ ಹೊತ್ತು ಅತ್ತಳು. ಆಮೇಲೆ ಮುಂದೆ ಮಲಗಿದ್ದ ಕೂಸು ಹೇಗಿದೆ ಎಂದು ಕೇಳಿದಳು. ಅದು ಚೆನ್ನಾಗಿತ್ತು.

ಹುಬ್ಬಳ್ಳಿಯಲ್ಲೇ ಹೆತ್ತಳು. ಎರಡನೆಯದು ಹುಟ್ಟುತ್ತಲೇ ನೀಲಿಗಟ್ಟಿತು, ಆದರೆ ಡಾಕ್ಟರರು ಸಿದ್ಧರಾಗಿ ಕಾದಿದ್ದರು. ಆರನೆಯ ದಿನ ಆಪರೇಶನ್ ಆಯಿತು. ಆ ಹುಡುಗಿ ಈಗ ಅಕ್ಕನ ಜಡೆ ಹಿಡಿದು ಜಗ್ಗುವಷ್ಟು ಗಟ್ಟಿಯಾಗಿದ್ದಾಳೆ. ನನಗೆ ಬಂದದ್ದು ನೋಟಿಸು: ಅನುಮತಿಯಿಲ್ಲದೆ ಹಳೆಯ ಉಪಕರಣ ಬಳಸಿದ್ದೇಕೆ?

ತಿಳಿಗ ಏಕೆ ಹಾಗೆ ಹೇಳಿತೆಂದು ಹುಡುಕುತ್ತ ಹೋದೆ. ಅದು ಕಲಿತದ್ದು ನಿಮ್ಮ ವರದಿಗಳಿಂದ. ಅವಳಿಗಳ ಹಳೆಯ ಚಿತ್ರಗಳನ್ನು ತೆಗೆಸಿ ನೋಡಿದೆ. ಎರಡನೆಯ ಕೂಸಿನ ಹೃದಯ ಚಿತ್ರದಲ್ಲಿಲ್ಲ, ಕೆಳಗೆ ಮಾತ್ರ 'ನಾರ್ಮಲ್' ಎಂದಿದೆ. ಒಂದೆರಡರಲ್ಲಲ್ಲ, ನೂರಾರು ವರದಿಗಳಲ್ಲಿ. ಹೊರಗೆ ಸಾಲು ಬೆಳೆದಿತ್ತು, ನಿಮಗೂ ಸಾಕಾಗಿತ್ತು, ನನಗದು ಗೊತ್ತಿದೆ. ಆದರೂ ನೋಡದ್ದನ್ನು ಸರಿಯಿದೆ ಎಂದು ಹೇಗೆ ಬರೆದಿರಿ? ಕಾಣದಿದ್ದರೆ ಸರಿ ಎಂದು ಯಂತ್ರ ಕಲಿತುಬಿಟ್ಟಿತು, ಈಗ ಅದಕ್ಕೆ ಬುದ್ಧಿ ಹೇಳಿ ಹೇಳಿ ನನಗೆ ಸಾಕಾಗಿದೆ.

ನಾಳೆ ನಿಮ್ಮಲ್ಲಿಗೆ ಅವಳಿ ಹೊತ್ತವಳು ಬಂದು, ಎರಡನೆಯ ಕೂಸು ತಿರುಗದೇ ಇದ್ದರೆ, ಅವಳನ್ನು ಮತ್ತೊಮ್ಮೆ ಕರೆಸಿ. ಆಗಲೂ ಕಾಣದಿದ್ದರೆ 'ಹೃದಯ ಕಾಣಲಿಲ್ಲ' ಎಂದು ಬರೆಯಿರಿ, ಆ ತಾಯಿಗೂ ಹೇಳಿ. ಅವಳು ಬೇರೆ ಯಾರ ಹತ್ತಿರವಾದರೂ ಹೋಗಿ ತೋರಿಸಿಕೊಂಡಾಳು.

ಸಿಟ್ಟಿನಿಂದಲೇ, ಆದರೆ ನಿಮ್ಮವಳೇ ಆದ
ಶಾಲ್ಮಲಾ